ತೌನೊನ ಮುನ್ನೂರೈವತ್ತು ಹಿಮ್ಮಡಿ

ಜನವರಿಯ ಒಂದು ಶನಿವಾರ ಸೌನಾದಲ್ಲಿ ಹಬೆಸ್ನಾನ ಮುಗಿಸಿ ಹೊರಬಂದ ತೌನೊ, ಮೆಟ್ಟಿಲ ಮೇಲಿನ ಮಂಜುಗಡ್ಡೆಗೆ ಜಾರಿ ಬಿದ್ದು ಪಾದದ ಕೀಲಿನ ಮೂಳೆ ಮುರಿದುಕೊಂಡ. ಫಿನ್ಲೆಂಡಿನ ನಮ್ಮ ಸರೋವರದ ಊರುಗಳಲ್ಲಿ ಚಳಿಗಾಲಕ್ಕೆ ಒಬ್ಬರಾದರೂ ಹೀಗೆ ಬೀಳುತ್ತಾರೆ. ಆರು ವಾರದ ಮೇಲೆ ಪ್ಲಾಸ್ಟರ್ ತೆಗೆದರು. ಮೂಳೆ ಕೂಡಿತ್ತು, ಕಾಲು ಮಾತ್ರ ಸೊರಗಿ ಕಡ್ಡಿಯಾಗಿತ್ತು.

ನಾನು ರೆಯ್ನೊ, ಪಕ್ಕದ ಮನೆಯವನು. ಸುಳ್ಳು ಯಾಕೆ ಹೇಳಲಿ, ನನ್ನ ಕಣ್ಣಿದ್ದದ್ದು ಅವನ ದೋಣಿಯ ಮೇಲೆ.

“ಕಾಲು ಹೀಗಾಯ್ತಲ್ಲೋ, ದೋಣಿ ನಂಗೆ ಕೊಟ್ಬಿಡು” ಅಂದೆ.

“ಮೇ ಬರ್ಲಿ. ಸರೋವರದ ಮಂಜುಗಡ್ಡೆ ಕರಗಿದ್ಮೇಲೆ ದೋಣೀಲಿ ನಿಂತು ಬಲೆ ಎಳೆಯಕ್ಕಾಗ್ಲಿಲ್ಲ ಅಂದ್ರೆ ತಗೊಂಡ್ಹೋಗು” ಅಂದ. ನಲವತ್ತು ವರ್ಷ ಮೀನು ಹಿಡಿದವನು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಆರೋಗ್ಯ ಕೇಂದ್ರದ ಫಿಸಿಯೋಥೆರಪಿಸ್ಟ್ ಕೈಸು ಅವನಿಗೊಂದು ವ್ಯಾಯಾಮ ಹೇಳಿಕೊಟ್ಟಿದ್ದಳು. ಮೇಜು ಹಿಡಿದು ನಿಂತು ಹಿಮ್ಮಡಿ ಎತ್ತಿ ಇಳಿಸುವುದು, ಸಲಕ್ಕೆ ಹತ್ತು, ದಿನಕ್ಕೆ ಐದು ಸಲ. ತೌನೊ ಮೂಗು ಮುರಿದ. ಸೌದೆ ಒಡೆಯುವುದು, ಅಂಗಳ ಗುಡಿಸುವುದು, ಸೌನಾ ಕಾಯಿಸುವುದು ಎಲ್ಲ ಅವನಿಗೆ ಶನಿವಾರದ ಕೆಲಸ. ಇದನ್ನೂ ಅಲ್ಲಿಗೇ ಸೇರಿಸಿದ. ವಾರದ ಮುನ್ನೂರೈವತ್ತನ್ನೂ ಒಂದೇ ದಿನ ಮಾಡಿ ಮುಗಿಸಿದ!

ಭಾನುವಾರ ಪಾದ ಬನ್ನಿನ ಹಾಗೆ ಊದಿತ್ತು.

“ನೋಡಿದ್ಯಾ? ವ್ಯಾಯಾಮಾನೇ ಕಾಲು ಕೆಡಿಸ್ತು” ಎಂದು ಸೋಫಾ ಹಿಡಿದವನು ಹತ್ತು ದಿನ ಏಳಲಿಲ್ಲ. ಹೆಂಡತಿ ಹಿಲ್ಕಾ ಊಟ, ಕಾಫಿ ಎಲ್ಲ ಕೂತಲ್ಲಿಗೇ ತಂದುಕೊಟ್ಟಳು. ನಾನು ದೋಣಿಗೆ ಬಳಿಯಲು ಬಣ್ಣ ತಂದಿಟ್ಟೆ.

ಕೊನೆಗೆ ಹಿಲ್ಕಾ ಫೋನ್ ಮಾಡಿ ಕೈಸುವನ್ನು ಮನೆಗೆ ಕರೆಸಿದಳು. ನಾನೂ ಅಲ್ಲೇ ಇದ್ದೆ.

“ಎಷ್ಟು ಸಲ ಮಾಡಿದ್ರಿ?” ಕೈಸು ಪಾದ ಒತ್ತಿ ನೋಡುತ್ತ ಕೇಳಿದಳು.

“ಮುನ್ನೂರೈವತ್ತು. ವಾರದ್ದೆಲ್ಲ ಒಂದೇ ದಿನ” ಅಂದ ತೌನೊ. ಹೆಮ್ಮೆ ಬೇರೆ.

“ದಿನಕ್ಕೆ ಎಷ್ಟು ಲೋಟ ಕಾಫಿ ಕುಡೀತೀರಿ?”

“ಐದು.”

“ಹಂಗಾದ್ರೆ ವಾರದ ಮೂವತ್ತೈದು ಲೋಟಾನೂ ಶನಿವಾರಾನೇ ಕುಡಿದ್ಬಿಡಿ. ಹಿಲ್ಕಾಗೆ ದಿನಾ ಲೋಟ ತೊಳೆಯೋ ಕೆಲಸ ತಪ್ಪುತ್ತೆ.”

“ಅಷ್ಟು ಕುಡಿದ್ರೆ ಸತ್ತೇ ಹೋಗ್ತೀನಿ!”

“ಕಾಲಿಗೂ ಹಂಗೇ ಆಗಿದ್ದು. ಮೂಳೆ ಕೂಡಿದ್ರೆ ಸಾಲ್ದು, ಸ್ನಾಯು ಸೊರಗಿದೆಯಲ್ಲ? ಅದಕ್ಕೆ ದಿನಾ ಸ್ವಲ್ಪ ಸ್ವಲ್ಪ ಕೆಲಸ ಕೊಡ್ಬೇಕು. ಅತಿಯಾದ್ರೆ ಊದುತ್ತೆ, ಪೂರ್ತಿ ಬಿಟ್ರೆ ಬಿಗಿಯುತ್ತೆ. ಹಿಲ್ಕಾ, ಇನ್ಮೇಲೆ ಕಾಫಿ ಕೈಗೆ ಕೊಡ್ಬೇಡಿ. ಅವರೇ ಎದ್ದು ಬಂದು ಮಾಡ್ಕೊಳ್ಲಿ. ಊತ ಇಳಿದ್ಮೇಲೆ, ಕಾಫಿ ಆಗೋವರೆಗೆ ಅಡುಗೆಮನೆ ಕಟ್ಟೆ ಹಿಡ್ಕೊಂಡು ಹಿಮ್ಮಡಿ ಎತ್ತಿ ಇಳಿಸ್ಲಿ, ಮೊದಲು ಐದೇ ಐದು. ಆಮೇಲೆ ಹತ್ತು ಮಾಡೋಣ.”

“ನೋವಾದ್ರೆ?” ಹಿಲ್ಕಾ ಕೇಳಿದಳು.

“ಸ್ವಲ್ಪ ಎಳೆದಂಗಾದ್ರೆ ಪರವಾಗಿಲ್ಲ. ಮರುದಿನಕ್ಕೂ ನೋವು ಹೋಗ್ಲಿಲ್ಲ, ಮತ್ತೆ ಊದ್ತು ಅಂದ್ರೆ ನಿಲ್ಸಿ ನಂಗೆ ಫೋನ್ ಮಾಡಿ.”

“ಇನ್ಮೇಲೆ ಕಾಫಿಗೂ ಕಪ್ಪ ಕಟ್ಬೇಕು ಅನ್ನು” ಎಂದು ತೌನೊ ಗೊಣಗಿದ.

ನನ್ನ ಕಿಟಕಿಗೆ ಅವನ ಅಡುಗೆಮನೆ ಕಾಣುತ್ತದೆ. ದಿನಕ್ಕೆ ಐದು ಸಲ ಅವನ ತಲೆ ಮೇಲೆ ಕೆಳಗೆ ಆಗುತ್ತಿತ್ತು. ಒಂದೆರಡು ದಿನ ಸೋಮಾರಿತನ ಮಾಡಿದಾಗ, “ಕಾಫಿ ಬೇಕಾದ್ರೆ ಎದ್ದು ಬಾರೋ ಮಾರಾಯ!” ಎಂಬ ಹಿಲ್ಕಾಳ ಕೂಗು ನಮ್ಮ ಮನೆಗೂ ಕೇಳಿಸಿತು. ಏಪ್ರಿಲ್ ಮುಗಿಯುವಾಗ ಅವನು ಕಟ್ಟೆ ಹಿಡಿಯದೆಯೇ ಹಿಮ್ಮಡಿ ಎತ್ತುತ್ತಿದ್ದ.

ಮೇ ತಿಂಗಳಲ್ಲಿ ಸರೋವರದ ಮಂಜುಗಡ್ಡೆ ಕರಗಿತು. ಕೈಸು ಅವನನ್ನು ಒಂಟಿಕಾಲಲ್ಲಿ ಅರ್ಧ ನಿಮಿಷ ನಿಲ್ಲಿಸಿ ನೋಡಿ, ಹೋಗಬಹುದು ಅಂದಳು. ತೌನೊ ದೋಣಿಯೊಳಗೆ ಕಾಲಿಟ್ಟ. ದೋಣಿ ಓಲಾಡಿತು, ಅವನೂ ಓಲಾಡಿದ. ಹಿಲ್ಕಾ ಬಾಯಿಗೆ ಕೈ ಇಟ್ಟುಕೊಂಡಳು. ಅವನು ಬೀಳಲಿಲ್ಲ.

“ರೆಯ್ನೊ, ಏನ್ ನೋಡ್ತಾ ನಿಂತಿದೀಯ? ಬಂದು ಹುಟ್ಟು ಹಾಕು. ಬಲೆ ನಾನೆಳೀತೀನಿ!”

ನನಗೆ ಹೊಟ್ಟೆ ಉರಿಯಿತು. ಖುಷಿಯೂ ಆಯಿತು.

ಓದುಗರೇ, ಪ್ಲಾಸ್ಟರ್ ತೆಗೆದ ದಿನಕ್ಕೆ ಚಿಕಿತ್ಸೆ ಮುಗಿಯುವುದಿಲ್ಲ. ಹೇಳಿಕೊಟ್ಟ ವ್ಯಾಯಾಮವನ್ನು ಹೇಳಿದಷ್ಟೇ ಮಾಡಿ, ದಿನವೂ ಮಾಡಿ. ಮನೆಯವರೇ, ಕಾಲು ಮುರಿದುಕೊಂಡವರು ತಾವೇ ಮಾಡಿಕೊಳ್ಳಬಲ್ಲ ಕೆಲಸವನ್ನು ಅವರಿಗೇ ಬಿಡಿ. ನನ್ನಂಥ ನೆರೆಯವರು ಎಲ್ಲ ಊರಲ್ಲೂ ಬಣ್ಣ ತಂದಿಟ್ಟುಕೊಂಡು ಕಾಯುತ್ತಿರುತ್ತಾರೆ. ಅವರಿಗೆ ನಿಮ್ಮ ದೋಣಿ ಸಿಗದಿರಲಿ.