ದೀಪ ಹಚ್ಚಿದ ಮೇಲೆ ಹೊಸ್ತಿಲು ದಾಟದವರು

ಬೆಳಿಗ್ಗೆ ಹನ್ನೊಂದಕ್ಕೆ ಮಗಳನ್ನು ಕಣ್ಣಾಸ್ಪತ್ರೆಯ ಕತ್ತಲ ಕೋಣೆಯಲ್ಲಿ ಕೂರಿಸಿದರು. ತಾಯಿ ಹೊರಗಿನ ಬೆಂಚಿನ ಮೇಲೆ ಕೂತಳು, ಪಕ್ಕದಲ್ಲಿ ಅವಳ ಅತ್ತೆ.

ಬಟ್ಟೆ ಕತ್ತರಿಸುವ ಕಾರ್ಖಾನೆಯಲ್ಲಿ ಮಗಳು ಕೈಗಾಡಿಗೆ ಎಡವಿ ಬಿದ್ದಿದ್ದಳು. ಕಣ್ಣು ತೋರಿಸದೆ ಕೆಲಸಕ್ಕೆ ಬರಬೇಡ ಎಂದಿದ್ದ ಮೇಲ್ವಿಚಾರಕ. ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಬೇಕಾದ ಮೊದಲ ಪರೀಕ್ಷೆಗೆ ತಾಯಿಯೇ ಪಾಠ ಹೇಳಿಕೊಟ್ಟಿದ್ದಳು: "ಕಂಡ್ರೂ ಒತ್ತು, ಕಾಣ್ದಿದ್ರೂ ಒತ್ತು. ನಡುನಡುವೆ ಸುಮ್ನಿರು, ಅನುಮಾನ ಬರಲ್ಲ." ಚುಕ್ಕೆಯನ್ನೇ ತೋರಿಸದಿದ್ದಾಗಲೂ ಒತ್ತಿ ಮಗಳು ಸಿಕ್ಕಿಬಿದ್ದಳು. ಅದಕ್ಕೇ ಈ ಎರಡನೆಯ ಪರೀಕ್ಷೆ. ಇದರಲ್ಲಿ ಗುಂಡಿಯಿಲ್ಲ. ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಬೆಳಕು ಮಿಂಚಿಸುತ್ತಾರೆ. ಕಣ್ಣಿನ ಹಿಂಪರದೆ ಕೊಡುವ ಉತ್ತರ ಯಂತ್ರದಲ್ಲಿ ಗೆರೆಯಾಗಿ ಮೂಡುತ್ತದೆ.

"ಒಳಗಿನ ಸಂಬಂಧ ಅಂತ ತಾನೇ ನಿಮ್ಮಣ್ಣನ ಮಗನಿಗೆ ಇವಳನ್ನ ಕೊಡ್ತಿರೋದು?" ಅತ್ತೆ ಗೊಣಗಿದರು. "ನಮ್ಮ ಕಣ್ಣಿನ ಕಥೆ ನಮ್ಮಲ್ಲೇ ಇರುತ್ತೆ. ಹೊರಗೆ ಕೊಟ್ರೆ ಊರೆಲ್ಲ ಡಂಗುರ. ಹುಡುಗನೂ ಚಿನ್ನ ಕಣೇ. ದೀಪ ಹಚ್ಚಿದ ಮೇಲೆ ಹೊಸ್ತಿಲು ದಾಟಲ್ಲ."

ತಾಯಿಯ ಮದುವೆಯೂ ಒಳಗಿನದೇ, ಅಣ್ಣನದೂ. ಮಗಳು ಚಿಕ್ಕವಳಿದ್ದಾಗ ಸಂಜೆ ಹೊತ್ತು ಲೋಟಕ್ಕಾಗಿ ತಡಕಾಡಿದರೆ, "ಕಣ್ಣೆಲ್ಲಿಟ್ಟಿದ್ದೀಯೇ?" ಎಂದು ಗದರುತ್ತಿದ್ದಳು. ಗೊತ್ತಿದ್ದೇ ಗದರುತ್ತಿದ್ದಳು.

ವೈದ್ಯೆ ಎಲ್ಲರನ್ನೂ ಒಳಗೆ ಕರೆದು ಎರಡು ಗೆರೆ ತೋರಿಸಿದರು. ಆರೋಗ್ಯವಂತ ಕಣ್ಣಿನದು ಗುಡ್ಡದಂತೆ ಎದ್ದಿತ್ತು. ಮಗಳದು ಹೆಚ್ಚುಕಡಿಮೆ ನೆಲಸಮ.

"ಚೆನ್ನಾಗಿದೆ ಅಂತ ಒಂದು ಚೀಟಿ ಬರ್ಕೊಡಿ ಡಾಕ್ಟ್ರೇ," ಎಂದರು ಅತ್ತೆ. "ಮದ್ವೆಯಾದ್ರೆ ಎಲ್ಲ ಸರಿಹೋಗುತ್ತೆ. ಹುಡುಗ ಇವಳ ಸೋದರಮಾವನ ಮಗನೇ."

"ಅಜ್ಜಿ, ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಈ ಇರುಳುಗಣ್ಣಿನ ದೋಷ ಬಂದಾಗ ಹೀಗಾಗೋದು. ಮನೆಯೊಳಗೇ ಕೊಟ್ಟು ತಂದ್ರೆ ಇಬ್ಬರಲ್ಲೂ ಇರೋ ಸಾಧ್ಯತೆ ಹೆಚ್ಚು. ಮುಚ್ಚಿಡೋಕೆ ಅಂತ ನೀವು ಮಾಡೋ ಮದ್ವೆನೇ ಇದನ್ನ ಬೆಳೆಸ್ತಿದೆ," ಎಂದರು ವೈದ್ಯೆ.

"ನಮ್ಮಜ್ಜಿ ಕಾಲದಿಂದ ಹೀಗೇ ನಡ್ಕೊಂಡು ಬಂದಿದ್ದೀವಿ!"

"ಹೌದಜ್ಜಿ, ಗೋಡೆ ಹಿಡ್ಕೊಂಡು," ಎಂದಳು ಮಗಳು. ಆಮೇಲೆ ತಾಯಿಯ ಕಡೆ ತಿರುಗಿದಳು. "ಅಮ್ಮಾ, ನಂಗೆ ಈ ಮದ್ವೆ ಬೇಡ. ಇನ್ನೊಂದು ಮಗುಗೆ ಗುಂಡಿ ಒತ್ತೋದು ಹೇಳ್ಕೊಡೋಕೆ ನನ್ನ ಕೈಲಾಗಲ್ಲ."

ತಾಯಿ ಅಲ್ಲಿಯೇ ಅಣ್ಣನಿಗೆ ಫೋನ್ ಮಾಡಿದಳು. ಕಿತ್ತುಕೊಳ್ಳಲು ಅತ್ತೆ ಕೈ ಚಾಚಿದರು, ಅವಳು ಬಿಡಲಿಲ್ಲ.

"ಅಣ್ಣಾ, ಈ ಮದ್ವೆ ಬೇಡ. ನಿನ್ನ ಮಗನ ಕಣ್ಣು ತೋರ್ಸು. ಗೊತ್ತಿದ್ದೂ ಇಷ್ಟು ವರ್ಷ ನನ್ನ ಮಗಳನ್ನ ಇಲ್ಲಿಗೆ ಕರ್ಕೊಂಡು ಬರ್ಲಿಲ್ಲ ನಾನು. ನೀನು ಹಾಗೆ ಮಾಡ್ಬೇಡ."

ಮುಂದಿನ ಸೋಮವಾರ ಹುಡುಗನನ್ನು ಅದೇ ಕತ್ತಲ ಕೋಣೆಯಲ್ಲಿ ಕೂರಿಸಿದರು. ಅವನ ಗೆರೆಯೂ ಏಳಲಿಲ್ಲ.