ನೀರು ಕೇಳಿ ಕಾಫಿ ಕುಡಿದವನು

ಬಸ್ರಾದ ದೊಡ್ಡ ಹೋಟೆಲಿನಲ್ಲಿ ನದಿಯ ಭವಿಷ್ಯ ತೀರ್ಮಾನಿಸಲು ಎಲ್ಲೆಲ್ಲಿಂದಲೋ ದೊಡ್ಡವರು ಬಂದು ಸೇರಿದ್ದರು. ಎಲ್ಲರ ಮುಂದೂ ಬಾಟಲಿ ನೀರು. ಆ ನದಿಯನ್ನೇ ನಂಬಿ ಬದುಕುವವನು ಅಂತ ಅಲ್ಲಿದ್ದವನು ಚಾಸಿಬ್ ಮುದುಕ ಒಬ್ಬನೇ. ಅವನನ್ನಾದರೂ ಮಾತಾಡಿಸಲು ಕರೆದಿದ್ದರೇ? ಎಲ್ಲಿ ಬಂತು!

"ಅಬು ಖಲಫ್, ನೀವು ಸುಮ್ನೆ ಕೂತಿದ್ರೆ ಸಾಕು," ಎಂದಿದ್ದ ನಿಬ್ರಾಸ್, ಊರ ರೂಢಿಯಂತೆ ಚಾಸಿಬನನ್ನು ಮಗನ ಹೆಸರು ಹಿಡಿದು ಕರೆಯುತ್ತ. "ಈ ನಿಲುವಂಗಿ, ಈ ಬಿಳಿ ಗಡ್ಡ, ಫೋಟೋಗೆ ಅಷ್ಟೇ ಬೇಕಾಗಿರೋದು." ನಿಬ್ರಾಸ್ ಈಗ ಸರ್ಕಾರದ ಅಧಿಕಾರಿ. ಆದರೆ ಹುಟ್ಟಿದ್ದು ಚಾಸಿಬನ ಜೌಗು ಸೀಮೆಯಲ್ಲೇ. ಅವನ ಅಪ್ಪನ ಮುಧೀಫಿನಲ್ಲಿ, ಎಂದರೆ ಜೊಂಡು ಕಟ್ಟಿ ಮಾಡಿದ ಅತಿಥಿಮನೆಯಲ್ಲಿ, ಚಾಸಿಬ್ ಎಷ್ಟೋ ಸಲ ಉಂಡಿದ್ದ.

ಚಾಸಿಬ್ ಬಂದದ್ದು ಫೋಟೋಗಲ್ಲ. ನದಿ ಹರಿದು ಬರುವ ಮೇಲಿನ ದೇಶ ಅಣೆಕಟ್ಟಿನ ಮೇಲೆ ಅಣೆಕಟ್ಟು ಕಟ್ಟಿ, ಕೆಳಗಿನ ಜೌಗು ತಟ್ಟೆಯಷ್ಟಾಗಿತ್ತು. ಈ ಬೇಸಿಗೆಯೂ ನೀರು ಬರದಿದ್ದರೆ ಎಮ್ಮೆಗಳು ಉಳಿಯುವುದಿಲ್ಲ. ಎಮ್ಮೆ ಹೋದರೆ ಊರೂ ಹೋಯಿತು. ನೀರು ಕೇಳಿಕೊಂಡು ಬಾ ಎಂದು ಊರವರು ಅವನನ್ನು ಕಳಿಸಿದ್ದರು.

ಮೇಲಿನ ದೇಶದ ರಾಯಭಾರಿಯೇ ಅಂದಿನ ಆತಿಥೇಯ. ಕಾಫಿ ಬಂತು. ಚಾಸಿಬ್ ಬಟ್ಟಲು ತೆಗೆದುಕೊಂಡು, ತುಟಿಗೆ ಸೋಕಿಸದೆ, ರಾಯಭಾರಿಯ ಎದುರಿಗೆ ಇಟ್ಟುಬಿಟ್ಟ.

ಜೌಗಿನ ಕಡೆ ಇದರ ಅರ್ಥ ಚಿಕ್ಕ ಮಕ್ಕಳಿಗೂ ಗೊತ್ತು. ಅತಿಥಿ ಏನನ್ನೋ ಬೇಡಿ ಬಂದಿದ್ದಾನೆ, ಅದು ಸಿಗುವವರೆಗೂ ಕುಡಿಯುವುದಿಲ್ಲ. ಕೇಳಿದ್ದನ್ನು ಆಲಿಸಿ ಆತಿಥೇಯ ಬಟ್ಟಲೆತ್ತಿ ಕೈಗೆ ಕೊಟ್ಟನೋ, ಬೇಡಿದ್ದನ್ನು ಕೊಟ್ಟ ಹಾಗೆಯೇ. ಆಮೇಲೆ ತಲೆ ಹೋದರೂ ತಪ್ಪುವಂತಿಲ್ಲ. ಮಗನನ್ನು ಕೊಂದವನಿಗೆ ಈ ಬಟ್ಟಲಿನ ಮೇಲೆ ಕ್ಷಮೆ ಕೊಟ್ಟವರಿದ್ದಾರೆ.

ರಾಯಭಾರಿ ಹುಬ್ಬೇರಿಸಿದ. ಚಾಸಿಬ್ ಹೇಳಿದ: "ಬೇಸಿಗೆಗೆ ಮುಂಚೆ ನಿಮ್ಮ ಅಣೆಕಟ್ಟಿನ ಬಾಗಿಲು ತೆಗೀರಿ. ನಮ್ಮ ಎಮ್ಮೆಗಳು ಬದುಕಲಿ. ಬೇರೇನೂ ಬೇಡ."

ರಾಯಭಾರಿಗೆ ಆ ಭಾಷೆ ಬಾರದು, ನಿಬ್ರಾಸನೇ ದುಭಾಷಿ. ಅವನು ಬಗ್ಗಿ ರಾಯಭಾರಿಯ ಕಿವಿಯಲ್ಲಿ ಏನೋ ಹೇಳಿದ. ರಾಯಭಾರಿ ನಕ್ಕ. ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಮುದುಕನ ಕೈಗಿತ್ತ. ಸಭೆಯೆಲ್ಲ ಚಪ್ಪಾಳೆ. ಚಾಸಿಬನ ಕಣ್ಣಲ್ಲಿ ನೀರು ಬಂತು, ಒಂದೇ ಗುಟುಕಿಗೆ ಕುಡಿದ.

ಊರಿಗೆ ಬಂದಾಗ ದಡದಲ್ಲಿ ವ್ಯಾಪಾರಿಯ ಲಾರಿ ನಿಂತಿತ್ತು. ಎಮ್ಮೆ ಮಾರಿ ಊರು ಬಿಡಲು ಅರ್ಧ ಜನ ತಯಾರಾಗಿದ್ದರು.

"ಯಾರೂ ಮಾರ್ಬೇಡಿ! ಬಟ್ಟಲು ಕೈಗೆ ಕೊಟ್ಟಿದ್ದಾನೆ. ಎರಡೂ ಕೈಯಿಂದ!" ಎಂದ ಚಾಸಿಬ್.

ಅವನ ಹೆಂಡತಿ ವಬ್ರಿಯಾಗೆ ಮಾತ್ರ ಅನುಮಾನ. "ನಮ್ಮ ಪದ್ಧತಿ ಅವನಿಗೇನು ಗೊತ್ತು? ನೀವೊಬ್ರು, ಯಾರು ನಕ್ರೂ ನೆಂಟರು ಅಂದ್ಕೋತೀರಿ."

"ನಿಬ್ರಾಸ್ ಪಕ್ಕದಲ್ಲೇ ಇದ್ನಲ್ಲೇ! ಮುಧೀಫಿನಲ್ಲಿ ಬೆಳೆದ ಹುಡ್ಗ. ಅವನು ತಿಳಿಸಿ ಹೇಳ್ದೆ ಇರ್ತಾನಾ?"

ಲಾರಿ ಖಾಲಿ ಹೋಯಿತು.

ಬೇಸಿಗೆ ಬಂತು, ನೀರು ಬರಲಿಲ್ಲ. ಮೇಲಿಂದ ನದಿ ಇಳಿಯದಿದ್ದರೆ ಕೆಳಗಿಂದ ಸಮುದ್ರ ಏರುತ್ತದೆ. ಉಪ್ಪು ನೀರು ಕುಡಿದು ಎಮ್ಮೆಗಳ ಕಣ್ಣು ಹೋಯಿತು. ಕುರುಡು ಎಮ್ಮೆಗಳು ಕೆಸರಿನಲ್ಲಿ ಹೂತು, ಎಬ್ಬಿಸಲು ಹೋದವರ ದನಿ ಕೇಳಿ ತಲೆ ಎತ್ತುತ್ತಿದ್ದವು. ಆ ಮೂಕ ಪ್ರಾಣಿಗಳು ಯಾವ ದೇಶಕ್ಕೆ ಏನು ಅನ್ಯಾಯ ಮಾಡಿದ್ದವು? ಊರವರು ಚಾಸಿಬನಿಗೆ ಒಂದು ಮಾತೂ ಅನ್ನಲಿಲ್ಲ. ಅದೇ ಅವನಿಗೆ ತಡೆಯಲಾಗಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಂಥ ಹೊತ್ತಿನಲ್ಲಿ ಬಂದನಲ್ಲ ನಿಬ್ರಾಸ್, ಬಿಳಿ ಕಾರಿನಲ್ಲಿ! ಮುಧೀಫಿನಲ್ಲಿ ಊರ ಗಂಡಸರೆಲ್ಲ ಎದ್ದು ನಿಂತು ಬರಮಾಡಿಕೊಂಡರು. ಬಂದವನು ಯಾರೇ ಆಗಲಿ, ಎದ್ದು ನಿಲ್ಲುವುದು ಅಲ್ಲಿಯ ಮರ್ಯಾದೆ.

"ಅಬು ಖಲಫ್, ಈ ಸಲವೂ ಸಮ್ಮೇಳನ ಇದೆ. ಅದೇ ನಿಲುವಂಗಿ ಹಾಕ್ಕೊಂಡು ಬನ್ನಿ. ಹೋದ ಸಲದ ಫೋಟೋ ಎಷ್ಟು ಚೆನ್ನಾಗ್ ಬಂತು ಗೊತ್ತಾ? ಎಲ್ಲಾ ಪೇಪರಲ್ಲೂ ಹಾಕಿದ್ರು!"

"ಅವತ್ತು ಅವನ ಕಿವೀಲಿ ಏನು ಹೇಳ್ದೆ?" ಎಂದು ಕೇಳಿದ ಚಾಸಿಬ್.

"ಯಾವತ್ತು?"

"ನಾನು ನೀರು ಕೇಳ್ದಾಗ."

ನಿಬ್ರಾಸ್ ನಗಲು ನೋಡಿದ. "ಅಲ್ಲಿ ಹಾಗೆಲ್ಲ ಕೇಳೋಕಾಗಲ್ಲ. ದೇಶ ದೇಶಗಳ ವಿಷಯ, ನಿಮಗೆ ಅರ್ಥ ಆಗಲ್ಲ. ಮುದುಕರಿಗೆ ನಿಮ್ಮ ಕೈಯಿಂದ್ಲೇ ಕಾಫಿ ತಗೊಳ್ಳೋ ಆಸೆ ಅಂತ ಹೇಳ್ದೆ. ಸಭೆ ಕೆಡೋದು ಬೇಡ ಅಂತ."

"ನಾನು ಬಟ್ಟಲು ಇಟ್ಟಿದ್ದು ಯಾಕೆ ಅಂತ ನಿನಗೆ ಗೊತ್ತಿತ್ತಾ ಇಲ್ವಾ?"

ನಿಬ್ರಾಸ್ ಚಾಪೆ ನೋಡಿದ. ಜೊಂಡಿನ ಗೋಡೆಯಾಚೆಯಿಂದ ವಬ್ರಿಯಾ ಕೂಗಿದಳು: "ಥೂ ನಿನ್ನ! ನಿಮ್ಮಪ್ಪನ ಬಟ್ಟಲು ತೊಳ್ಕೊಂಡು ಬೆಳೆದೋನು ನೀನು! ಆ ಎಮ್ಮೆಗಳಿಗೆ ಕಣ್ಣು ಹೋಯ್ತು, ನಿನಗೇನಾಗಿತ್ತೋ ದೊಡ್ಡ ರೋಗ?"

"ಅಣೆಕಟ್ಟು ಕಟ್ಟಿದ್ದು ನಾನಾ?" ನಿಬ್ರಾಸನಿಗೂ ಸಿಟ್ಟು ಬಂತು. "ನಾನು ಸರಿಯಾಗಿ ಹೇಳಿದ್ರೂ ಅವನು ನೀರು ಬಿಡ್ತಿದ್ನಾ?"

"ಬಿಡ್ತಿರ್ಲಿಲ್ಲ ಕಣಪ್ಪ," ಎಂದ ಚಾಸಿಬ್. "ಆದ್ರೆ ಅವನು ಬಟ್ಟಲೂ ಮುಟ್ತಿರ್ಲಿಲ್ಲ. ನಾನು ಕುಡೀದೆ ಎದ್ದು ಬರ್ತಿದ್ದೆ. ಬಂದು, ಮಾರ್ಕೊಂಡು ಹೋಗ್ರೋ ಅಂತಿದ್ದೆ. ಇವರ ಎಮ್ಮೆಗಳು ಇನ್ಯಾವ್ದೋ ನೀರಲ್ಲಿ ಬದುಕಿರ್ತಿದ್ವು. ಅವನು ಪರದೇಶದವ್ನು, ಅವನಿಗೆ ಗೊತ್ತಿಲ್ಲ. ಅವನ ಹತ್ರ ಅಣೆಕಟ್ಟಿದೆ, ಸೈನ್ಯ ಇದೆ, ನನ್ನ ಕೈ ಅಲ್ಲಿಗೆ ಎಟುಕಲ್ಲ. ನೀನು ನಮ್ಮೋನು. ನಿನಗೆ ಗೊತ್ತಿದ್ದೂ ನನಗೆ ಆ ಕಾಫಿ ಕುಡಿಸ್ದೆ."

ನಿಬ್ರಾಸ್ ಸುತ್ತ ನೋಡಿದ. ಯಾರಾದರೂ ಸಮಾಧಾನದ ಮಾತಾಡಿಯಾರು ಎಂದು ಕಾದ. ಕೊನೆಗೆ ಬಟ್ಟೆ ಕೊಡವಿಕೊಂಡು, "ಬರ್ತೀನಿ," ಎಂದು ಎದ್ದ.

ಅಲ್ಲಿಂದ ಎದ್ದ ಅತಿಥಿಯನ್ನು ಬಾಗಿಲವರೆಗೆ ಬೀಳ್ಕೊಡಬೇಕು, ಹಗೆಯಾದರೂ ಸರಿ. ಗಂಡಸರೆಲ್ಲ ಚಾಸಿಬನ ಮುಖ ನೋಡಿದರು. ಚಾಸಿಬ್ ಕೂತಲ್ಲೇ ಕೂತಿದ್ದ. ಯಾರೂ ಏಳಲಿಲ್ಲ.