ಎತ್ತಿಟ್ಟ ಕಾಲು

"ಬಿಚ್ಚೇ ಮುಂಡೆ! ನಮ್ಮ ಹಾಸುಬಟ್ಟೆ ಹರಿದು ಕಾಲಿಗೆ ಸುತ್ಕೊಂಡು ಮೆರೀತೀಯಾ?"

ಮೇಸ್ತ್ರಿಯ ಬೆತ್ತ ಇಸ್ತ್ರಿಯಕ್ಕನ ಲಂಗದ ಅಂಚನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದಿತ್ತು. ಲಾಂಡ್ರಿಯ ಇಸ್ತ್ರಿ ಕೋಣೆಯ ಹೆಂಗಸರೆಲ್ಲ ತಲೆ ತಗ್ಗಿಸಿದರು. ಹಬೆಯ ಇಸ್ತ್ರಿಪೆಟ್ಟಿಗೆಗಳಷ್ಟೇ ಬುಸುಗುಟ್ಟುತ್ತಿದ್ದವು.

"ನಿಮ್ಮ ಹಾಸಲ್ಲ, ನನ್ನ ನಾದಿನಿಯ ಹಳೇ ಲಂಗ."

ಪಕ್ಕದ ಮೇಜಿನ ಆ ನಾದಿನಿಯೇ ದಿನಾ ಬೆಳಿಗ್ಗೆ ಇಸ್ತ್ರಿಯಕ್ಕ ಹಾಸಿಗೆ ಬಿಡುವ ಮೊದಲು ನರ ಉಬ್ಬಿದ ಅವಳ ಕಾಲನ್ನು ದಿಂಬಿನ ಮೇಲಿಟ್ಟು, ಬೆರಳಿನ ಬುಡದಿಂದ ಮೊಣಕಾಲಿನವರೆಗೆ ಪಟ್ಟಿ ಸುತ್ತುತ್ತಿದ್ದಳು. "ಸೋರೆಬಳ್ಳಿ ಚೆನ್ನಾಗಿ ಹಬ್ಬಿದೆ ಅತ್ತಿಗೆ. ಕಾಯಿ ಬಿಟ್ರೆ ನಂಗೂ ಒಂದು ಕೊಡಿ" ಎಂದು ನಗಿಸುತ್ತಿದ್ದಳು. ಕಾಲಗಿಣ್ಣಿನ ಹತ್ತಿರ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿದೆ, ನಿಂತೇ ಇರಬೇಡಿ, ನರ ಒಡೆದರೆ ತಕ್ಷಣ ಮಲಗಿ ಕಾಲು ಮೇಲೆತ್ತಿ ಎಂದಿದ್ದರು ಡಾಕ್ಟರು. ಅದಕ್ಕೇ ನಾದಿನಿ ಮೇಜಿನ ಕೆಳಗೆ ಸೋಪಿನ ಪುಡಿಯ ದೊಡ್ಡ ತಗಡಿನ ಡಬ್ಬವೊಂದನ್ನು ಬಚ್ಚಿಟ್ಟಿದ್ದಳು. ಅತ್ತಿಗೆ ಅದರ ಮೇಲೆ ಕೂತಾಗ, ಒದ್ದೆ ಹಾಸನ್ನು ಕೊಡವುವವಳಂತೆ ಅಡ್ಡ ಹಿಡಿದು ನಿಲ್ಲುತ್ತಿದ್ದಳು.

ಇವತ್ತು ಮೇಸ್ತ್ರಿ ಹಿಂದಿನ ಬಾಗಿಲಿನಿಂದ ಬಂದಿದ್ದ.

ಪಟ್ಟಿ ಸುರುಳಿ ಬಿಚ್ಚಿ ನೆಲಕ್ಕೆ ಬಿತ್ತು. ನೀಲಿ ನರಗಳು ಹೊಸೆದ ಹಗ್ಗದಂತೆ ಉಬ್ಬಿದವು.

"ಥೂ! ಎರೆಹುಳದ ಗೂಡು. ಗಂಡ ಅನ್ನಿಸ್ಕೊಂಡೋನು ಇದನ್ನ ಹೇಗೆ ಮುಟ್ತಾನೋ!"

"ಪಟ್ಟಿ ಬೇಕಾದ್ರೆ ತಗೊಳ್ಳಿ. ಕೂರೋಕೆ ಬಿಡಿ. ಒಡೆದುಹೋಗುತ್ತೆ."

"ಕೂರ್ತೀಯಾ ಮಹಾರಾಣಿ? ಕೂರು."

ಅವಳು ಬಗ್ಗಿದಳು. ಅವನು ಡಬ್ಬಕ್ಕೆ ಒದ್ದ. ತಗಡಿನ ಅಂಚು ಕಾಲಗಿಣ್ಣಿಗೇ ಬಡಿಯಿತು.

ಏಟಿಗೆ ನೋವಾಯಿತು, ರಕ್ತ ಬಂದಾಗ ನೋವಾಗಲಿಲ್ಲ. ಅದು ದಾರದಂತೆ ಚಿಮ್ಮಿ ಗೋಡೆಗೆ ಹಾರಿತು.

"ಹಾಸು! ಹಾಸು ತೆಗೀರೇ, ಕಲೆ ಆಗುತ್ತೆ!" ಮೇಸ್ತ್ರಿ ಅವಳ ಕೂದಲು ಹಿಡಿದು ಎಳೆದ. "ಚರಂಡಿ ಹತ್ರ ನಿಂತು ಸೋರಿಸ್ಕೋ, ಹಲ್ಕಾ!"

ಅವಳು ಅವನ ಮಣಿಕಟ್ಟಿಗೆ ಹಲ್ಲೂರಿದಳು. ಕೈ ಸಡಿಲಾಗುತ್ತಲೇ ಮೇಜು ಹತ್ತಿ ಅಂಗಾತ ಮಲಗಿ, ಇಸ್ತ್ರಿಯಾದ ಬಿಳಿ ಹಾಸುಗಳ ರಾಶಿಯ ಮೇಲೆ ಹಿಮ್ಮಡಿ ಇಟ್ಟಳು. ಅಂಗಾಲು ಅವನ ಮುಖಕ್ಕೆ ನೇರವಾಗಿತ್ತು.

"ಇಳಿಸೇ ಕಾಲು!"

"ಇಳಿಸಿದ್ರೆ ಸಾಯ್ತೀನಿ. ಇಳಿಸಲ್ಲ."

ಬೆತ್ತ ಅವಳ ಮೊಣಕಾಲಿಗೆ ಬಿತ್ತು. ಎರಡನೆಯ ಸಲ ಎದ್ದಾಗ ನಾದಿನಿ ಅಡ್ಡ ನಿಂತಿದ್ದಳು, ಕೈಯಲ್ಲಿ ಕಾದ ಇಸ್ತ್ರಿಪೆಟ್ಟಿಗೆ.

"ಬಾರೋ ಬೋಳಿಮಗನೆ. ನಿನ್ನ ಮೋರೆ ಸುಕ್ಕು ತೆಗೀತೀನಿ."

ಅವನು ನಕ್ಕು ಕೈ ಚಾಚಿದ. ಪೆಟ್ಟಿಗೆ ಆ ಕೈಯ ಮೇಲೆ ಕೂತಿತು. ಚುಂಯ್ ಎಂದಿತು. ಅವನು ಅರಚುತ್ತ ಹಬೆಯೊಳಗೆ ತಿರುಗಿ, ಬಾಗಿಲು ದಾಟಿ ಯಜಮಾನನ ಕೋಣೆಯತ್ತ ಓಡಿದ.

ಬಟ್ಟೆ ಮಡಿಸುವ ಮುದುಕಿ ಮೊದಲು ಕದಲಿದಳು. ರಾಶಿಯಿಂದ ಒಂದು ಹಾಸೆಳೆದು ಉಂಡೆ ಮಾಡಿ ಗಾಯಕ್ಕೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಇಸ್ತ್ರಿಯಕ್ಕನ ಹಣೆಯ ಕೂದಲು ಸರಿಸಿದಳು. ಹಾಸು ನೆನೆದು ಕೆಂಪಾಯಿತು.

ಹೊರಗೆ ಯಜಮಾನನ ಕೋಣೆಯ ಕಡೆಯಿಂದ ಬೂಟುಗಳ ಸದ್ದು ಹತ್ತಿರವಾಗುತ್ತಿತ್ತು.

"ಇನ್ನೊಂದು ಕೊಡ್ರೇ" ಅಂದಳು ಮುದುಕಿ.

ಪಕ್ಕದವಳು ಹೊಸ ಹಾಸು ಹರವಿ ಕೊಟ್ಟಳು. ಅವಳ ಹಿಂದಿನವಳು ಆಗಲೇ ಇನ್ನೊಂದನ್ನು ಹಿಡಿದು ನಿಂತಿದ್ದಳು.